ಶನಿವಾರದ ಒಪ್ಪತ್ತು

ದೂರವಾಣಿನಗರ
10 ಜೂನ್ 1973

ತೀರ್ಥರೂಪ ಅಪ್ಪನವರಿಗೆ ಅನಸೂಯಳ ನಮಸ್ಕಾರಗಳು.

ಫೆಬ್ರವರಿಯಲ್ಲಿ ಅಮ್ಮನ ಶ್ರಾದ್ಧದ ದಿನ ನಿಮ್ಮ ಮನೆ ಬಿಟ್ಟು ಬಂದವಳು ನಾಲ್ಕು ತಿಂಗಳು ಒಂದು ಸಾಲೂ ಬರೆಯಲಿಲ್ಲ. ಈಗ ಬರೆಯಲು ಕೂತರೆ ನಿಮ್ಮ ಅಳಿಯಂದಿರು ನಗುತ್ತಿದ್ದಾರೆ. "ಹಲಸೂರಿಗೆ ಬಸ್ ಹತ್ತಿದ್ರೆ ಮುಕ್ಕಾಲು ಗಂಟೆ, ಕಾಗದ ಅಂದ್ರೆ ಎರಡು ದಿನ. ಅದೇನು ಲೆಕ್ಕಾನೋ" ಎನ್ನುತ್ತಾರೆ. ಬಸ್ಸು ಹತ್ತಲು ನನಗೆ ಮನಸ್ಸಿಲ್ಲ, ಅಷ್ಟೇ.

ಬರೆಯುತ್ತಿರುವುದು ರಾಜಿಗಾಗಿ ಅಲ್ಲ. ಒಂದು ವಿಷಯ ತಿಳಿಯಬೇಕಾಗಿದೆ, ಅದು ನಿಮ್ಮೊಬ್ಬರಿಗೇ ಗೊತ್ತಿರುವುದು.

ನನ್ನ ತಲೆನೋವು ಹೆಚ್ಚಾಗಿದೆ. ತಿಂಗಳಿಗೆ ಆರು ಸಲ, ಏಳು ಸಲ. ಮೊದಲು ಕಣ್ಣಿನ ಮುಂದೆ ಬೆಳಕಿನ ಗೆರೆಗಳು ಮಿಣುಕುತ್ತವೆ. ಆಮೇಲೆ ಎಡಗಣ್ಣಿನ ಹಿಂದೆ ಶುರುವಾಗಿ ಅರ್ಧ ತಲೆ ಪೂರ್ತಿ ಹಿಡಿದುಕೊಳ್ಳುತ್ತದೆ. ಬೆಳಕು ಆಗುವುದಿಲ್ಲ, ಒಗ್ಗರಣೆ ವಾಸನೆ ಆಗುವುದಿಲ್ಲ, ಬಾಗಿಲು ತೆಗೆದ ಸದ್ದೂ ಆಗುವುದಿಲ್ಲ. ವಾಂತಿಯಾಗಿ ನಿದ್ದೆ ಹತ್ತಿದರೆ ಪುಣ್ಯ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಜಹನಾರಾ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು, ಮೂರನೇ ಸಲ ಕೈ ಹಿಡಿದು ಎಬ್ಬಿಸಿದಳು. "ಹಿಂಗೇ ಬಿದ್ಕೊಂಡಿದ್ರೆ ಆಗಲ್ಲ ಅನಸೂಯಾ. ನಮ್ ಮಾಮು ಮಗ ಅಕ್ತರ್ ಲಂಡನ್ನಲ್ಲಿ ಓದ್ಕೊಂಡ್ ಬಂದವ್ನೆ, ನಡಿ" ಎಂದು ಶಿವಾಜಿನಗರಕ್ಕೆ ಕರೆದುಕೊಂಡು ಹೋದಳು.

ಅಲ್ಲಿ ಬೋರ್ಡಿನ ಮೇಲೆ ಕೈರೋಪ್ರಾಕ್ಟರ್ ಎಂದು ಬರೆದಿದೆ. ಬೆನ್ನು, ಕತ್ತುಗಳ ಕೀಲುಗಳನ್ನು ಕೈಯಿಂದಲೇ ಸರಿಪಡಿಸುವವರು. ನಾನು ಹೋದೊಡನೆ ಕತ್ತು ತಿರುಗಿಸಿ ಲಟಕ್ ಅನ್ನಿಸುತ್ತಾರೆ ಎಂದು ಹೆದರಿದ್ದೆ. ಅವರು ಮುಟ್ಟಲೇ ಇಲ್ಲ. ಮೊದಲು ದೊಡ್ಡ ಆಸ್ಪತ್ರೆಯಲ್ಲಿ ತಲೆ, ಕಣ್ಣು, ರಕ್ತದೊತ್ತಡ ತೋರಿಸಿ, ಬೇರೆ ಏನೂ ಇಲ್ಲವೆಂದು ಚೀಟಿ ತರಬೇಕೆಂದರು. ಆಮೇಲೆ ಅರ್ಧ ಗಂಟೆ ಬರೀ ಪ್ರಶ್ನೆ. ಕೊನೆಯ ಪ್ರಶ್ನೆ ಇದು: "ಅಕ್ಕಾ, ಇದು ಮೈಗ್ರೇನು. ಮನೆತನದಲ್ಲೇ ಇಳ್ಕೊಂಡು ಬರೋದು ಜಾಸ್ತಿ. ನಿಮ್ ತಾಯಿಗೆ ಇತ್ತಾ?"

ಇತ್ತು ಎಂದೆ. ಆದರೆ ಅವರು ವಿವರ ಕೇಳಿದರು, ಅದು ನನಗೆ ಗೊತ್ತಿಲ್ಲ. ಅಮ್ಮನಿಗೆ ಇದು ಯಾವ ವಯಸ್ಸಿನಲ್ಲಿ ಬಂತು, ತಿಂಗಳಿಗೆ ಎಷ್ಟು ಸಲ ಬರುತ್ತಿತ್ತು, ಯಾವ ಕಡೆ ಬರುತ್ತಿತ್ತು, ದಯವಿಟ್ಟು ತಿಳಿಸಿ.

ನಿಮ್ಮ ಮಗಳು
ಅನಸೂಯ


ಹಲಸೂರು
14 ಜೂನ್ 1973

ಚಿ. ಸೌ. ಅನಸೂಯಳಿಗೆ ಆಶೀರ್ವಾದಗಳು.

ಉಭಯ ಕುಶಲ ಎಂದು ಬರೆಯುವ ವಾಡಿಕೆ. ಒಂದು ಕಡೆಯ ಕುಶಲ ನಾಲ್ಕು ತಿಂಗಳಿಂದ ಗೊತ್ತಿಲ್ಲವಾದ್ದರಿಂದ ಬರೆಯುತ್ತಿಲ್ಲ.

ನಿನ್ನ ಕಾಗದ ಹನ್ನೆರಡನೇ ತಾರೀಖಿಗೇ ಬಂತು. ವಿಳಾಸದಲ್ಲಿ ಪಿನ್ ಕೋಡ್ ಇರಲಿಲ್ಲ. ಮೂವತ್ತೊಂದು ವರ್ಷ ಟಪಾಲು ವಿಂಗಡಿಸಿದವನ ಮಗಳೇ ಹೀಗೆ ಮಾಡಿದರೆ ಊರಿನವರಿಗೆ ಏನು ಹೇಳುವುದು? ನಮ್ಮದು 560008, ನಿಮ್ಮದು 560016. ಆದರೂ ಕಾರ್ಡಿನಲ್ಲಿ ಬರೆಯದೆ ಅಂಟಿಸುವ ಕಾಗದದಲ್ಲಿ ಬರೆದೆಯಲ್ಲ, ಅದು ಸಂತೋಷ. ಮನೆಯ ಮಾತನ್ನು ಕಾರ್ಡಿನಲ್ಲಿ ಬರೆಯಬಾರದೆಂದು ನಿಮಗೆಲ್ಲ ಚಿಕ್ಕಂದಿನಿಂದ ಹೇಳಿದ್ದೇನೆ. ವಿಂಗಡಿಸುವ ಮೇಜಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ಹತ್ತು ಜನ ಓದಿರುತ್ತಾರೆ. ನಾನೂ ಓದಿದ್ದೇನೆ.

ಕತ್ತಿನ ವಿಷಯ. ಕೈಯಿಂದ ಕತ್ತು ತಿರುಗಿಸುವವರ ಹತ್ತಿರ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹೆಚ್ಚುಕಡಿಮೆಯಾದರೆ ಯಾರು ಹೊಣೆ?

ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ತಾಯಿಗೆ ಅಂಥ ಕಾಯಿಲೆ ಏನೂ ಇರಲಿಲ್ಲ. ಆಕೆಯದು ಮುನಿಸಿನ ಸ್ವಭಾವ. ಮುನಿಸು ಬಂದರೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ತಲೆನೋವೆಂದು ಹೇಳುತ್ತಿದ್ದುದು ನಿಜ. ಆದರೆ ಆರು ದಿನ ನೆಟ್ಟಗಿದ್ದು, ನಾನು ಮನೆಯಲ್ಲಿರುವ ಭಾನುವಾರವೇ ಬಾಗಿಲು ಹಾಕುತ್ತಿದ್ದಳು. ಕಾಯಿಲೆ ಕ್ಯಾಲೆಂಡರ್ ನೋಡಿಕೊಂಡು ಬರುತ್ತದೆಯೇ?

ಕಿಟ್ಟು, ಸೊಸೆ ಶಾಂತಕುಮಾರಿ ಚೆನ್ನಾಗಿದ್ದಾರೆ. ನಿನ್ನ ತಮ್ಮ ನಿನ್ನನ್ನು ಕೇಳುತ್ತಿರುತ್ತಾನೆ.

ಶ್ರೀಕಂಠಯ್ಯ


ದೂರವಾಣಿನಗರ 560016
22 ಜುಲೈ 1973

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ಪಿನ್ ಕೋಡ್ ಬರೆದಿದ್ದೇನೆ, ನೋಡಿಕೊಳ್ಳಿ.

ನಿಮ್ಮ ಕಾಗದ ಓದಿ ಸಿಟ್ಟು ಬಂದು ಒಂದು ತಿಂಗಳು ಟ್ರಂಕಿನಲ್ಲಿಟ್ಟಿದ್ದೆ. ಈಗ ಸಿಟ್ಟು ಸ್ವಲ್ಪ ಇಳಿದಿದೆ, ಕತ್ತೂ ಸ್ವಲ್ಪ ಸಡಿಲವಾಗಿದೆ. ಎರಡು ವಾರಕ್ಕೊಂದು ಶನಿವಾರ ಅಕ್ತರ್ ಅವರ ಹತ್ತಿರ ಹೋಗುತ್ತೇನೆ. ಹೆದರಬೇಡಿ, ಕತ್ತು ತಿರುಚುವುದಿಲ್ಲ. ತಲೆಬುರುಡೆ ಕತ್ತಿಗೆ ಸೇರುವ ಕಡೆ ಬೆರಳೊತ್ತಿ ನಿಧಾನವಾಗಿ ಎಳೆದು ಹಿಡಿಯುತ್ತಾರೆ. ನನ್ನ ಕೆಲಸ ನಿಮಗೆ ಗೊತ್ತಿದೆಯಲ್ಲ, ಟೆಲಿಫೋನಿನ ರಿಲೇಗಳ ಸಣ್ಣ ಸಣ್ಣ ಪಟ್ಟಿಗಳನ್ನು ಭೂತಗನ್ನಡಿ ಕೆಳಗಿಟ್ಟು ಚಿಮಟದಲ್ಲಿ ಸರಿಮಾಡುವುದು. ಮೇಜು ಎಲ್ಲರಿಗೂ ಸರಿಯಾಗಿದೆ, ನಾನೇ ಉದ್ದ. ದಿನಕ್ಕೆ ಎಂಟು ಗಂಟೆ ಕತ್ತು ಬಗ್ಗಿಸಿಕೊಂಡೇ ಇದ್ದೆ. ಅಕ್ತರ್ ಅವರು ಒಂದು ಮರದ ಹಲಗೆ ತೆಗೆದುಕೊಂಡು ಹೋಗಿ ಭೂತಗನ್ನಡಿಯ ಕೆಳಗಿಡಿ ಎಂದರು. ಜಹನಾರಾ ಅರ್ಧ ಗಂಟೆಗೊಮ್ಮೆ "ತಲೆ ಎತ್ತು ಮಹಾರಾಣಿ" ಎಂದು ಕೂಗುತ್ತಾಳೆ. ನಿಮ್ಮ ಉದ್ದ ನನಗೆ ಬಂದಿದೆ, ಅಮ್ಮನ ತಲೆನೋವೂ ಬಂದಿದೆ. ಇಬ್ಬರೂ ಸೇರಿ ನನ್ನ ಕತ್ತು ಹಿಡಿದಿದ್ದೀರಿ.

ಅಕ್ತರ್ ಅವರು ಮೊದಲ ದಿನವೇ ಹೇಳಿಬಿಟ್ಟರು. "ಕತ್ತು ನಾನು ಸಡ್ಲ ಮಾಡ್ತೀನಿ ಅಕ್ಕಾ. ತಲೆನೋವು ಬೇರು ಸಮೇತ ತೆಗೀತೀನಿ ಅಂತ ಸುಳ್ಳು ಹೇಳಲ್ಲ. ಉಳಿದದ್ದು ನೀವೇ ಕಂಡು ಹಿಡೀಬೇಕು. ಒಂದು ನೋಟ್‌ಬುಕ್ ಇಡಿ." ಅದರಲ್ಲಿ ಪ್ರತಿದಿನ ಎಷ್ಟು ಗಂಟೆಗೆ ಎದ್ದೆ, ಏನು ತಿಂದೆ, ಯಾವ ಹೊತ್ತು ತಿನ್ನಲಿಲ್ಲ, ನಿದ್ದೆ ಎಷ್ಟು, ತಲೆನೋವು ಬಂತೇ ಇಲ್ಲವೇ, ಎಲ್ಲ ಬರೆಯಬೇಕು.

ಬರೆದೆ. ಕಾಯಿಲೆ ಕ್ಯಾಲೆಂಡರ್ ನೋಡಿಕೊಂಡು ಬರುತ್ತದೆಯೇ ಎಂದು ಕೇಳಿದ್ದೀರಿ. ನನ್ನದು ಬರುತ್ತದೆ, ಅಪ್ಪ. ಐದು ವಾರದಲ್ಲಿ ಏಳು ಸಲ ಬಂತು. ಅದರಲ್ಲಿ ಐದು ಸಲ, ಊಟ ತಪ್ಪಿದ ಮಾರನೇ ದಿನ ಇಲ್ಲವೇ ಅದೇ ದಿನ. ಹಸಿದುಕೊಂಡಿರುವುದು ನನಗೆ ಆಗದು.

ಈಗ ಫೆಬ್ರವರಿಯನ್ನು ನೆನೆಸಿಕೊಳ್ಳಿ. ಶ್ರಾದ್ಧದ ದಿನ ಮಡಿಯುಟ್ಟು ಬೆಳಿಗ್ಗೆ ನಾಲ್ಕಕ್ಕೆ ಒಲೆಯ ಮುಂದೆ ಕೂತೆ. ಬ್ರಾಹ್ಮಣರ ಊಟವಾಗುವವರೆಗೆ ಒಂದು ತೊಟ್ಟು ಕಾಫಿಯೂ ಇಲ್ಲ. ಮಧ್ಯಾಹ್ನ ಎರಡಕ್ಕೆ ಕಣ್ಣು ಮಿಣುಕತೊಡಗಿತು. ಅಮ್ಮನ ಕೋಣೆಗೆ ಹೋಗಿ ಮಲಗಿದೆ. ಬಡಿಸಲು ಬರಲಿಲ್ಲವೆಂದು ನೀವು ನಡುಮನೆಯಲ್ಲಿ ಎಲ್ಲರೆದುರು ಹೇಳಿದಿರಿ: "ಅವಳಮ್ಮನ ನಾಟಕ ಇವಳೂ ಕಲ್ತಿದಾಳೆ."

ನನ್ನನ್ನು ಅಂದದ್ದು ಬಿಡಿ. ಅವತ್ತು ಅಮ್ಮನ ಶ್ರಾದ್ಧ.

ಅಮ್ಮ ಬಾಗಿಲು ಹಾಕಿಕೊಂಡಾಗ ಒಳಗೆ ನಾನೂ ಇರುತ್ತಿದ್ದೆ. ಹಣೆಗೆ ಶುಂಠಿ ಪಟ್ಟು ಹಾಕಿಕೊಂಡು ತಲೆಗೆ ಸೀರೆಯ ಸೆರಗು ಬಿಗಿಯುತ್ತಿದ್ದಳು. ಮಂಚದ ಕೆಳಗೆ ತಂಬಿಗೆ ಇರುತ್ತಿತ್ತು, ವಾಂತಿಗೆ. ನೀವು ನೋಡುವ ಮುಂಚೆ ನಾನು ಅದನ್ನು ತೊಳೆದಿಡುತ್ತಿದ್ದೆ. ಮುನಿಸು ಬಂದವರು ವಾಂತಿ ಮಾಡಿಕೊಳ್ಳುತ್ತಾರೆಯೇ?

ನೀವು ಡೈರಿ ಬರೆಯುವವರು. ಕೆಲಸಕ್ಕೆ ಸೇರಿದಾಗಿನಿಂದ ಒಂದು ದಿನ ತಪ್ಪಿಸಿದವರಲ್ಲ. ಎಲ್ಲ ಮಹಡಿಯ ಟ್ರಂಕಿನಲ್ಲಿವೆ. ಮನಸ್ಸಿದ್ದರೆ ತೆಗೆದು ನೋಡಿ.

ಅನಸೂಯ

ಅಂದಹಾಗೆ, ಶಿವಾಜಿನಗರದ ಬಸ್ಸು ನಿಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ನಾನು ಆ ಕಡೆಯ ಕಿಟಕಿಗೆ ಕೂರುವುದಿಲ್ಲ.


ಹಲಸೂರು 560008
16 ಸೆಪ್ಟೆಂಬರ್ 1973

ಚಿ. ಸೌ. ಅನಸೂಯಳಿಗೆ,

ಡೈರಿಗಳನ್ನು ನೋಡಿದೆ. ನಿನ್ನ ಮಾತು ಸುಳ್ಳೆಂದು ತೋರಿಸಲು ನೋಡತೊಡಗಿದೆ. ಅದನ್ನು ಮುಚ್ಚಿಡುವುದಿಲ್ಲ.

ನಿನ್ನ ತಾಯಿ ಬಾಗಿಲು ಹಾಕಿಕೊಂಡ ದಿನಗಳನ್ನು ನಾನು ಗುರುತು ಹಾಕುತ್ತಿದ್ದೆ. "ಬಾಗಿಲು. ಕಾಫಿ ನಾನೇ." ಅಷ್ಟೇ ಬರೆಯುತ್ತಿದ್ದೆ. ಕಾಫಿ ನಾನೇ ಮಾಡಿಕೊಳ್ಳಬೇಕಾಯಿತೆಂಬ ಸಿಟ್ಟಿಗೆ ಬರೆದದ್ದು. ಆ ಗುರುತುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ, ಟಪಾಲು ವಿಂಗಡಿಸುವ ಹಾಗೆ ವಾರವಾರಕ್ಕೆ ಬೇರೆ ಮಾಡಿದೆ. ಕೈಗೆ ಅಭ್ಯಾಸವಾದ ಕೆಲಸ, ಕಣ್ಣಿಗೆ ಬೇಗ ಕಂಡಿತು.

1947ರವರೆಗೆ ಬಾಗಿಲು ತಿಂಗಳಿಗೆ ಒಂದೋ ಎರಡೋ ಸಲ, ಹೆಚ್ಚಾಗಿ ಏಕಾದಶಿಯ ಮಾರನೇ ದಿನ. ಆಗಿನ್ನೂ ಆಕೆಯ ಮಾತನ್ನು ನಂಬುತ್ತಿದ್ದೆ. ಆ ವರ್ಷ ಕಾರ್ತೀಕದಲ್ಲಿ ತಲೆನೋವು ಹೋಗಲೆಂದು ನಾನು ಆಂಜನೇಯನಿಗೆ ಹರಕೆ ಹೊತ್ತೆ. ಹೊತ್ತವನು ನಾನು, ನಡೆಸಬೇಕಾದವಳು ಆಕೆ. ಶನಿವಾರ ಒಪ್ಪತ್ತು. ಮಧ್ಯಾಹ್ನ ಒಂದು ಹೊತ್ತು ಉಂಡರೆ ಮತ್ತೆ ಭಾನುವಾರ ಪೂಜೆಯಾಗುವವರೆಗೆ ನೀರು ಮಾತ್ರ. ಅದಾದ ಮೇಲೆ ಡೈರಿಯಲ್ಲಿ ಭಾನುವಾರ, ಭಾನುವಾರ, ಭಾನುವಾರ. ನಾನು ಮನೆಯಲ್ಲಿರುವ ದಿನ ಬೇಕೆಂದೇ ಮಲಗುತ್ತಾಳೆ ಎಂದುಕೊಂಡೆ, ನಂಬುವುದನ್ನು ಬಿಟ್ಟೆ. 1953ರಲ್ಲಿ, ಮುನಿಸಾದರೂ ಇಳಿಯಲಿ, ವಾರಕ್ಕೆ ಒಂದು ದಿನ ಸಾಲದೇನೋ ಎಂದು ಸೋಮವಾರದ ಒಪ್ಪತ್ತನ್ನೂ ಸೇರಿಸಿದೆ. ಆಮೇಲೆ ಮಂಗಳವಾರಗಳೂ ಶುರುವಾಗಿವೆ.

ಔಷಧಿ ಎಂದು ಕೊಟ್ಟದ್ದೇ ಕಾಯಿಲೆಯಾಗಿತ್ತು ಅನಸೂಯ. ಆಕೆ ತೀರಿಕೊಳ್ಳುವವರೆಗೆ, ಇಪ್ಪತ್ತೆರಡು ವರ್ಷ.

ಇನ್ನೊಂದು ಇದೆ. ಅದನ್ನು ಬರೆಯಲು ಮೂರು ದಿನ ಹಿಡಿಯಿತು. ಭಾನುವಾರ ಆಕೆ ಬಾಗಿಲು ಹಾಕಿಕೊಂಡಾಗ ನಾನು ಪೂಜೆಯ ಗಂಟೆಯನ್ನು ಬೇಕೆಂದೇ ಜೋರಾಗಿ ಬಾರಿಸುತ್ತಿದ್ದೆ. ಎದ್ದು ಬರಲಿ ಎಂದು. ಆ ಕೋಣೆಗೂ ದೇವರ ಮನೆಗೂ ನಡುವೆ ಒಂದೇ ಗೋಡೆ. ಬಾಗಿಲು ತೆಗೆದ ಸದ್ದೂ ಆಗದೆಂದು ನೀನು ಬರೆದಿದ್ದೀಯೆ. ಆಕೆ ಒಂದು ಸಲವಾದರೂ ನಿಲ್ಲಿಸಿ ಎನ್ನಲಿಲ್ಲ. ದೇವರ ಗಂಟೆಯಲ್ಲವೇ, ಹೇಗೆ ಅನ್ನುತ್ತಾಳೆ?

ನನ್ನದು ತಪ್ಪಾಯಿತು. ಮಾಘದಲ್ಲಿ ಶ್ರಾದ್ಧಕ್ಕೆ ಬಾ.

ಶ್ರೀಕಂಠಯ್ಯ


ದೂರವಾಣಿನಗರ 560016
14 ಅಕ್ಟೋಬರ್ 1973

ತೀರ್ಥರೂಪ ಅಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಸ್ನಾನದ ಮನೆಯಲ್ಲಿ ಕೂತು ಓದಿದೆ. ಅಳು ನಿಲ್ಲಲಿಲ್ಲ. ಅತ್ತರೂ ತಲೆನೋವು ಬರುತ್ತದೆ, ಬಂತು, ನೋಟ್‌ಬುಕ್ಕಿನಲ್ಲಿ ಅದನ್ನೂ ಬರೆದೆ.

ಆ ಗಂಟೆ ನನಗೆ ನೆನಪಿದೆ. ಅದು ಶುರುವಾದಾಗ ಅಮ್ಮ ನನ್ನ ಎರಡೂ ಅಂಗೈಗಳನ್ನು ತನ್ನ ಕಿವಿಗಳಿಗೆ ಒತ್ತಿಕೊಳ್ಳುತ್ತಿದ್ದಳು. ತನ್ನ ಕೈಗಿಂತ ನನ್ನ ಕೈ ತಣ್ಣಗಿದೆ ಎನ್ನುತ್ತಿದ್ದಳು. ನಾನು ಆಟವೆಂದುಕೊಂಡಿದ್ದೆ.

ನಿಮಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ನೀವು ಹೊತ್ತ ಹರಕೆಯನ್ನು ಬಿಡುತ್ತಿರಲಿಲ್ಲವೇನೋ. ಹರಕೆಗಾಗಿ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ತಲೆನೋವೆಂದು ಆಕೆ ಬಾಯಿಬಿಟ್ಟು ಹೇಳಿದ್ದನ್ನು ನೀವು ನಂಬಲಿಲ್ಲವಲ್ಲ, ಸಿಟ್ಟು ಅದಕ್ಕೆ.

ಶ್ರಾದ್ಧಕ್ಕೆ ಬಾ ಎಂದಿದ್ದೀರಿ. ಬರಲು ನನಗೂ ಆಸೆ, ಅಮ್ಮನ ಮನೆ ಅದು. ಆದರೆ ಹೇಗೆ ಬರಲಿ? ನೀವು ನಾಟಕ ಎಂದಾಗ ನಡುಮನೆಯಲ್ಲಿ ನಮ್ಮ ಸೋದರತ್ತೆಯರು, ದೊಡ್ಡಪ್ಪನ ಮಕ್ಕಳು, ಪುರೋಹಿತರು, ಎಲ್ಲ ಇದ್ದರು. ಒಬ್ಬರು ನಕ್ಕರು, ಯಾರೆಂದು ಹೇಳುವುದಿಲ್ಲ. ಅವರ ಪಾಲಿಗೆ ಅಮ್ಮ ಇವತ್ತಿಗೂ ನಾಟಕದವಳೇ. ನೀವು ತಪ್ಪಾಯಿತೆಂದು ಬರೆದದ್ದು ನನ್ನ ಟ್ರಂಕಿನಲ್ಲಿ ಭದ್ರವಾಗಿದೆ. ಟ್ರಂಕಿನೊಳಗಿದ್ದರೆ ಅಮ್ಮನಿಗೆ ಏನು ಬಂತು? ಎಲ್ಲರೆದುರು ಅಂದದ್ದನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಆಗ ಬರುತ್ತೇನೆ.

ಸೆಪ್ಟೆಂಬರಿನಲ್ಲಿ ತಲೆನೋವು ಮೂರೇ ಸಲ ಬಂತು. ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ಐದಕ್ಕೆ ಒಂದು ಬಾಳೆಹಣ್ಣು, ಕತ್ತಿಗೆ ದಿನವೂ ಐದು ನಿಮಿಷದ ವ್ಯಾಯಾಮ. ಮಿಣುಕು ಕಂಡ ತಕ್ಷಣ ದೊಡ್ಡ ಆಸ್ಪತ್ರೆಯ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತೇನೆ. ಇಷ್ಟೇ ಔಷಧ, ನೋಡಿ. ಅಮ್ಮನಿಗೆ ಒಂದು ಬಾಳೆಹಣ್ಣು ಸಿಕ್ಕಿದ್ದರೆ ಆಗುತ್ತಿತ್ತು.

ಅನಸೂಯ


ಹಲಸೂರು 560008
25 ನವೆಂಬರ್ 1973

ಚಿ. ಸೌ. ಅನಸೂಯಳಿಗೆ ಆಶೀರ್ವಾದಗಳು.

ನಿನಗೆ ಹೇಳದೆ ಒಂದು ಕೆಲಸ ಮಾಡಿದೆ. ಮೊನ್ನೆ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ ನಿನ್ನ ಅಕ್ತರ್ ಸಾಹೇಬರನ್ನು ನೋಡಿ ಬಂದೆ. ಕಿಟಕಿಯ ಪಕ್ಕವೇ ಕೂತಿದ್ದೆ.

ಬಾಗಿಲಲ್ಲೇ ಒಬ್ಬ ದೊಡ್ಡ ಮೀಸೆಯ ಮುದುಕರು ಒಬ್ಬನ ಮುರಿದ ಕೈಗೆ ಬಿದಿರಿನ ದಬ್ಬೆ ಕಟ್ಟುತ್ತಿದ್ದರು. ಅಕ್ತರರ ತಂದೆಯಂತೆ, ಚಾಂದ್ ಪಾಷಾ ಪೈಲ್ವಾನರು. ನನ್ನನ್ನು ನೋಡಿ, "ಬನ್ನಿ ಸ್ವಾಮಿ, ಯಾವ ಮೂಳೆ?" ಎಂದರು. ಮೂಳೆ ಎಲ್ಲ ಸರಿಯಾಗಿದೆ, ಮಗಳ ವಿಷಯ ಎಂದೆ. "ಹಂಗಾದ್ರೆ ಒಳಗೆ. ನನ್ ಮಗ ಲಂಡನ್ನಿಗೋಗಿ ಕಲ್ತಿದ್ನ ನಾನು ರಸೆಲ್ ಮಾರ್ಕೆಟ್ ಹಿಂದೇನೇ ಕಲ್ತೆ. ಆದ್ರೆ ಅವ್ನು ಪ್ರಶ್ನೆ ಜಾಸ್ತಿ ಕೇಳ್ತಾನೆ, ಅದು ನನ್ಗೆ ಬರಲ್ಲ" ಎಂದು ನಕ್ಕರು. ಈ ಮನೆಯಲ್ಲಿ ಅಪ್ಪ ಮಗನನ್ನು ಎಷ್ಟು ಚೆನ್ನಾಗಿ ಒಪ್ಪಿಕೊಂಡಿದ್ದಾರೆ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ನನ್ನ ಹಾಳೆಯನ್ನು ಅಕ್ತರರ ಮುಂದಿಟ್ಟೆ. ಇಪ್ಪತ್ತೆರಡು ವರ್ಷದ ಭಾನುವಾರಗಳು. ಅವರು ಬಹಳ ಹೊತ್ತು ನೋಡಿದರು. "ಸಾರ್, ಹೊಟ್ಟೆ ಖಾಲಿ ಇಟ್ಕೊಳೋದು ಎಲ್ರಿಗೂ ತೊಂದ್ರೆ ಕೊಡಲ್ಲ. ನಮ್ಮಲ್ಲೂ ರೋಜಾ ಇಡ್ತಾರೆ, ಚೆನ್ನಾಗೇ ಇರ್ತಾರೆ. ಈ ಕಾಯಿಲೆ ಇರೋರ್ಗೆ ಮಾತ್ರ ಕಷ್ಟ. ಎಲ್ಲ ಭಾನುವಾರಾನೂ ಅದ್ರಿಂದ್ಲೇ ಅಂತ ನಾನು ಹೇಳಕ್ಕಾಗಲ್ಲ. ತುಂಬಾ ಅದ್ರಿಂದ್ಲೇ ಇರ್ಬೋದು" ಎಂದರು.

ಹಾಗಾದರೆ ಆಕೆಗೆ ಆಗ ಏನು ಮಾಡಿದ್ದರೆ ಸಹಾಯವಾಗುತ್ತಿತ್ತು ಎಂದು ಕೇಳಿದೆ.

"ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಕತ್ತಲೆ ಕೋಣೆ. ಎಲ್ಲಕ್ಕಿಂತ ಮುಂಚೆ, ಹೌದು ನಿನಗೆ ನೋವಿದೆ ಅಂತ ಯಾರಾದ್ರೂ ಒಬ್ರು ಒಪ್ಕೋಬೇಕು ಸಾರ್. ಅದಿಲ್ದೆ ನನ್ ಕೈಲೂ ಏನೂ ಆಗಲ್ಲ."

ಫೀಸು ತೆಗೆದುಕೊಳ್ಳಲಿಲ್ಲ. ಕತ್ತು ಮುಟ್ಟಲಿಲ್ಲವಲ್ಲ ಎಂದರು.

ನಿನ್ನ ಷರತ್ತಿನ ವಿಷಯ. ಎಪ್ಪತ್ತರ ಹತ್ತಿರ ಬಂದವನು ಆ ಜನರೆದುರು ನಿಂತು ಹೇಳಬೇಕೆಂದರೆ ನಾಲಿಗೆ ಏಳುವುದಿಲ್ಲ. ಕನ್ನಡಿಯ ಮುಂದೆ ಹೇಳಿ ನೋಡಿದೆ, ಅಲ್ಲಿಯೂ ಆಗಲಿಲ್ಲ. ನನಗೆ ಸ್ವಲ್ಪ ಕಾಲ ಕೊಡು.

ಸದ್ಯಕ್ಕೆ ಇಷ್ಟು ಮಾಡಿದ್ದೇನೆ. ಗಂಟೆಯ ನಾಲಿಗೆಗೆ ಹತ್ತಿಬಟ್ಟೆ ಸುತ್ತಿದ್ದೇನೆ. ಏಕೆಂದು ಶಾಂತಕುಮಾರಿ ಕೇಳಿದಳು. ನಾನು ಎದ್ದು ಹೊರಗೆ ಹೋಗಿ ಕೂತೆ.

ಶ್ರೀಕಂಠಯ್ಯ


(ಕಾರ್ಡು)

ಹಲಸೂರು 560008
17 ಜನವರಿ 1974

ನಮ್ಮ ಎಲ್ಲ ಬಂಧುಗಳಿಗೆ ಶ್ರೀಕಂಠಯ್ಯ ಮಾಡುವ ವಿಜ್ಞಾಪನೆ.

ಬರುವ ಫೆಬ್ರವರಿ 2, ಶನಿವಾರ, ನನ್ನ ಪತ್ನಿ ಜಲಜಾಳ ಶ್ರಾದ್ಧ. ತಾವೆಲ್ಲ ಬರಬೇಕು. ಬರುವ ಮೊದಲು ಒಂದು ವಿಷಯ ತಿಳಿದಿರಬೇಕು. ಜಲಜಾಳಿಗೆ ಮೂವತ್ತು ವರ್ಷ ಅರೆತಲೆನೋವಿನ ಕಾಯಿಲೆ ಇತ್ತು. ಅದು ಮುನಿಸಾಗಿರಲಿಲ್ಲ, ನಾಟಕವಾಗಿರಲಿಲ್ಲ. ಆಕೆ ಹೇಳಿದಾಗ ನಾನು ನಂಬಲಿಲ್ಲ. ನಾನು ಹೊತ್ತ ಹರಕೆಯ ಉಪವಾಸದಿಂದ ಆಕೆಗೆ ನೋವು ಹೆಚ್ಚಾಯಿತು. ಕಳೆದ ವರ್ಷ ತಮ್ಮೆಲ್ಲರೆದುರು ನಾನು ಆಡಿದ ಮಾತು ಸುಳ್ಳು, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಅದೇ ಕಾಯಿಲೆ ಮಗಳು ಅನಸೂಯಳಿಗೂ ಇದೆ.

ಶ್ರೀಕಂಠಯ್ಯ

ಅನಸೂಯ, ಇದೇ ಒಕ್ಕಣೆಯ ಕಾರ್ಡು ಹದಿನೇಳು ಮನೆಗೆ ಹೋಗಿದೆ. ಪುರೋಹಿತರಿಗೂ ಒಂದು. ನಾನೇ ಕಂಟೋನ್ಮೆಂಟಿನ ನನ್ನ ಹಳೆಯ ಆಫೀಸಿಗೆ ಹೋಗಿ ಡಬ್ಬಿಗೆ ಹಾಕಿದೆ. ನನ್ನ ಮೇಜಿನಲ್ಲಿ ಈಗ ಕೂರುವವರು ಓದಲಿ.


(ಕಾರ್ಡು)

ದೂರವಾಣಿನಗರ 560016
21 ಜನವರಿ 1974

ತೀರ್ಥರೂಪ ಅಪ್ಪನವರಿಗೆ ಅನಸೂಯಳ ನಮಸ್ಕಾರಗಳು.

ಕಾರ್ಡು ತಲುಪಿತು. ನಮ್ಮ ಪೋಸ್ಟ್‌ಮನ್ ಮುನಿರಾಜಪ್ಪ ಅದನ್ನು ಬಾಗಿಲ ಸಂದಿಯಲ್ಲಿ ಎಸೆಯದೆ, ನಾನು ಬರುವವರೆಗೆ ನಿಂತಿದ್ದು ಕೈಗೆ ಕೊಟ್ಟರು. "ನಮ್ ಅಮ್ಮಂಗೂ ಹಿಂಗೇ ಇತ್ತು ಕಣಮ್ಮ" ಎಂದರು. ನೀವು ಹೇಳುತ್ತಿದ್ದುದು ನಿಜ, ಎಲ್ಲರೂ ಓದುತ್ತಾರೆ.

ಅಮ್ಮನ ಹೆಸರನ್ನು ನಿಮ್ಮ ಬಾಯಲ್ಲಿ ಕೇಳಿರಲಿಲ್ಲ, ನಿಮ್ಮ ಕೈಬರಹದಲ್ಲಿ ನೋಡಿರಲಿಲ್ಲ. ಎರಡು ಸಲ ಬರೆದಿದ್ದೀರಿ. ಬೆರಳಿಟ್ಟು ಓದಿದೆ.

ಶುಕ್ರವಾರ ಸಂಜೆ ಐದರ ಬಸ್ಸಿಗೆ ನಾನೂ ನಿಮ್ಮ ಅಳಿಯಂದಿರೂ ಬರುತ್ತೇವೆ. ಶನಿವಾರ ಬೆಳಿಗ್ಗೆ ಏಳಕ್ಕೆ ನನಗೆ ಎರಡು ಇಡ್ಲಿ, ಒಂದು ಲೋಟ ಕಾಫಿ ಬೇಕು. ಮಡಿ ಅಡಿಗೆಗೆ ನಾನು ಕೂರುವುದಿಲ್ಲ, ಶಾಂತಕುಮಾರಿಗೆ ಹೊರಗಿನ ಕೆಲಸ ಮಾಡಿಕೊಡುತ್ತೇನೆ. ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಸಿರಿ. ಇಷ್ಟೆಲ್ಲ ಮಾಡಿದರೂ ತಲೆನೋವು ಬಂದರೂ ಬರಬಹುದು, ಬರುವುದಿಲ್ಲವೆಂದು ಅಕ್ತರ್ ಅವರು ಮಾತು ಕೊಟ್ಟಿಲ್ಲ. ಬಂದರೆ ಅಮ್ಮನ ಕೋಣೆಯಲ್ಲಿ ಮಲಗುತ್ತೇನೆ. ಚಿಲಕ ಹಾಕಿಕೊಳ್ಳುವುದಿಲ್ಲ. ನೀವು ಒಳಗೆ ಬಂದು ಕೂರಬಹುದು.

ಅನಸೂಯ